ಮಾವಿನ ಮಿಡಿಗೆ ಯಾವ ಉಪ್ಪು? ಕಲ್ಲುಪ್ಪು ಹಾಕಿದರೂ ಬೂಷ್ಟು ಬಂತು

ತೊಟ್ಟುಮಿಡಿ:
ಎಲ್ಲರಿಗೂ ನಮಸ್ಕಾರ. ಇರುವುದು ಬೆಂಗಳೂರು, ತವರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಹೋದ ವರ್ಷ ಮೊದಲ ಸಲ ಅಮ್ಮನ ಸಹಾಯ ಇಲ್ಲದೆ ಅಪ್ಪೆಮಿಡಿಯನ್ನು (ಉಪ್ಪಿನಕಾಯಿಯ ಎಳೆ ಮಾವಿನಕಾಯಿ) ಉಪ್ಪಿಗೆ ಹಾಕಿದೆ. ಊರಿಂದ ಬಸ್ಸಲ್ಲಿ ಬಂದ ಮಿಡಿ, ಎರಡು ಕಿಲೋ. ಒಂದೊಂದನ್ನೂ ತೊಟ್ಟು ಮುರಿಯದ ಹಾಗೆ ತೊಳೆದೆ, ಬಟ್ಟೆಯಲ್ಲಿ ಒರೆಸಿದೆ. ಜಾಡಿಯನ್ನು ಎರಡು ದಿನ ಬಿಸಿಲಲ್ಲಿ ಇಟ್ಟಿದ್ದೆ. ಅಜ್ಜಿ ಯಾವಾಗಲೂ ಹೇಳುತ್ತಿದ್ದರು ಅಂತ ಕಲ್ಲುಪ್ಪೇ ತಂದೆ, ಪುಡಿ ಉಪ್ಪು ಮುಟ್ಟಲಿಲ್ಲ. ಅಳತೆ ಮಾತ್ರ ಒಂದು ವಿಡಿಯೋ ನೋಡಿ ಹಾಕಿದ್ದು. ಕಿಲೋ ಮಿಡಿಗೆ ಒಂದು ಲೋಟ ಉಪ್ಪು ಅಂತ ಇತ್ತು.

ಎಂಟನೇ ದಿನ ಮೇಲೆ ಬಿಳಿ ಕೆನೆ ಕಟ್ಟಿತು. ಹದಿನೈದನೇ ದಿನ ಹಸಿರು ಬೂಷ್ಟು. ಮಿಡಿ ಹಿಚುಕಿದರೆ ಬೆರಳು ಒಳಗೆ ಹೋಗುತ್ತಿತ್ತು. ಎಲ್ಲ ಚೆಲ್ಲಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಆಮೇಲೆ ಪ್ಯಾಕೆಟ್ ನೋಡಿದರೆ ಕಲ್ಲುಪ್ಪಿಗೂ ಅಯೋಡಿನ್ ಹಾಕಿದ್ದಾರೆ. ಅದಕ್ಕೇ ಹೀಗಾಯಿತಾ? ಈ ವರ್ಷದ ಮಿಡಿ ಇನ್ನು ಹತ್ತು ದಿನದಲ್ಲಿ ಬರುತ್ತದೆ. ಯಾವ ಉಪ್ಪು ತರಲಿ, ದಯವಿಟ್ಟು ಹೇಳಿ.

ಹಳ್ಳಿಊಟ:
ಮತ್ತೇನು, ಅಯೋಡಿನ್ನೇ ಕಾರಣ. ನಮ್ಮನೆಯಲ್ಲಿ ಅಯೋಡಿನ್ ಉಪ್ಪು ಉಪ್ಪಿನಕಾಯಿಗೆ ಹಾಕುವುದೇ ಇಲ್ಲ. ಮಿಡಿ ಕಪ್ಪಾಗುತ್ತದೆ, ಕೊಳೆಯುತ್ತದೆ. ಹಳೇ ಕಾಲದ ಉಪ್ಪು ಹುಡುಕಿ ತನ್ನಿ.

ಮಲೆನಾಡ ಜಾಡಿ:
ತಂಗೀ, ಉಪ್ಪಿನ ಮೇಲೆ ತಪ್ಪು ಹೊರಿಸುವ ಮೊದಲು ನಾಲ್ಕು ಪ್ರಶ್ನೆ. ನಿನ್ನ ಲೋಟ ಎಷ್ಟು ದೊಡ್ಡದು? ಆ ವಿಡಿಯೋದವರು ಹಾಕಿದ್ದು ಪುಡಿ ಉಪ್ಪಾ, ಹರಳುಪ್ಪಾ? ನಿನ್ನ ಉಪ್ಪು ಒಣಗಿತ್ತಾ, ಕೈಗೆ ಅಂಟುತ್ತಿತ್ತಾ? ಕಡೇದು, ಸತ್ಯ ಹೇಳಬೇಕು. ಹೇಳಿದ್ದಷ್ಟೂ ಹಾಕಿದೆಯಾ, ಅಥವಾ "ಅಯ್ಯೋ ಇಷ್ಟೊಂದಾ" ಅಂತ ಕೈ ಹಿಂದೆ ತೆಗೆದೆಯಾ?

ನಲವತ್ತು ವರ್ಷದಿಂದ ಮಿಡಿ ಹಾಕುತ್ತಿದ್ದೇನೆ. ಹಾಳಾದ ಜಾಡಿಗಳಲ್ಲಿ ಮುಕ್ಕಾಲು ಪಾಲು ಈ ಕೊನೇ ಪ್ರಶ್ನೆಯವು.

ತೊಟ್ಟುಮಿಡಿ:
ಅಕ್ಕಾ, ಸಿಕ್ಕಿಬಿದ್ದೆ. ಮನೆಯವರಿಗೆ ಬಿಪಿ. ಎರಡು ಲೋಟ ಹಾಕಬೇಕಿತ್ತು, ಒಂದೂವರೆ ಹಾಕಿದೆ. ಉಪ್ಪು ಸ್ವಲ್ಪ ತೇವ ಇದ್ದದ್ದೂ ಹೌದು. ವಿಡಿಯೋ ಮತ್ತೆ ನೋಡಿದೆ. ಅವರದ್ದು ಪುಡಿ ಉಪ್ಪು! ಆದರೆ ಲೋಟ ಲೋಟವೇ ಅಲ್ವಾ? ಅದರಲ್ಲಿ ಏನು ವ್ಯತ್ಯಾಸ?

ಮಲೆನಾಡ ಜಾಡಿ:
ಅಲ್ಲೇ ಇರುವುದು ಎಲ್ಲಾ. ಒಂದು ಸೇರು ಹುರಿದ ಅರಳಿನ ತೂಕ ಒಂದು ಸೇರು ಅಕ್ಕಿಗೆ ಬರುತ್ತದಾ? ಹರಳು ದಪ್ಪ ಇದ್ದಷ್ಟೂ ನಡುವೆ ಗಾಳಿ ಜಾಸ್ತಿ. ಮನೆಯಲ್ಲಿ ತಕ್ಕಡಿ ಇದ್ದರೆ ಎರಡೂ ಉಪ್ಪನ್ನು ಅದೇ ಲೋಟದಲ್ಲಿ ತೂಗಿ ನೋಡು. ಆಮೇಲೆ ಮಾತಾಡೋಣ.

ತೊಟ್ಟುಮಿಡಿ:
ತೂಗಿದೆ. ನನ್ನದು 200 ಮಿಲಿ ಲೋಟ. ಪುಡಿ ಉಪ್ಪು 240 ಗ್ರಾಂ. ಕಲ್ಲುಪ್ಪು 190 ಗ್ರಾಂ. 50 ಗ್ರಾಂ ವ್ಯತ್ಯಾಸ! ಅಂದರೆ 480 ಗ್ರಾಂ ಬೀಳಬೇಕಾದ ಕಡೆ ನಾನು ಹಾಕಿದ್ದು 285. ಅದರಲ್ಲೂ ತೇವದ ತೂಕ ಸೇರಿದೆ. ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದೇನೆ.

ರಸಾಯನ ಮೇಷ್ಟ್ರು:
ಕೂರಬೇಡಿ, ಲೆಕ್ಕ ಮಾಡೋಣ. ಪಾಠ ಮಾಡುವ ಚಟ, ಕ್ಷಮಿಸಿ.

ಎಳೆ ಮಿಡಿಯಲ್ಲಿ ನೂರಕ್ಕೆ ಸುಮಾರು 85 ಭಾಗ ನೀರೇ. ಎರಡು ಕಿಲೋ ಅಂದರೆ 1,700 ಗ್ರಾಂ ನೀರು. ಉಪ್ಪು ಸವರಿದ ಕೂಡಲೇ ಆ ನೀರು ಹೊರಗೆ ಬರತೊಡಗುತ್ತದೆ, ಉಪ್ಪು ಒಳಗೆ ಹೋಗುತ್ತದೆ. ಒಳಗೂ ಹೊರಗೂ ಒಂದೇ ಸಮ ಆದಾಗ ಮಿಡಿ ಚಿರುಟಿ ನಿಲ್ಲುತ್ತದೆ. 480 ಗ್ರಾಂ ಹಾಕಿದ್ದರೆ ಆ ಉಪ್ಪುನೀರು ನೂರಕ್ಕೆ 22 ಭಾಗ ಉಪ್ಪಾಗುತ್ತಿತ್ತು. ನೀವು ಹಾಕಿದ್ದರಲ್ಲಿ 14ರ ಆಸುಪಾಸು. ನೀರು ಹೊಟ್ಟೆ ತುಂಬ ಉಪ್ಪು ಕುಡಿದರೂ 26ಕ್ಕಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ 22 ಅಂದರೆ ಹೆಚ್ಚು ಕಡಿಮೆ ಮೇಲಿನ ಮೆಟ್ಟಿಲು. 14ರಲ್ಲಿ ಕೊಳೆಸುವ ಬಹಳ ಕ್ರಿಮಿಗಳು ಸುಮ್ಮನಾಗುತ್ತವೆ ನಿಜ. ಆದರೆ ಮೇಲೆ ಗಾಳಿ ತಾಗುವ ಜಾಗದಲ್ಲಿ ಬೂಷ್ಟಿಗೆ ಅಷ್ಟು ಉಪ್ಪು ಒಂದು ಲೆಕ್ಕವೇ ಅಲ್ಲ. ಬೂಷ್ಟು ಹುಳಿಯನ್ನು ತಿನ್ನುತ್ತದೆ. ಹುಳಿ ಇಳಿದ ಮೇಲೆ ಉಳಿದವರಿಗೂ ಬಾಗಿಲು ತೆರೆದ ಹಾಗೆ.

ಇನ್ನು ಅಯೋಡಿನ್. ಕಾರ್ಖಾನೆಯಲ್ಲಿ ಹಾಕುವುದು ಒಂದು ಕಿಲೋ ಉಪ್ಪಿಗೆ ಸುಮಾರು 30 ಮಿಲಿಗ್ರಾಂ. ನಮ್ಮ ಕೈಗೆ ಬರುವ ಹೊತ್ತಿಗೆ 15ಕ್ಕಿಂತ ಕಡಿಮೆ ಆಗಬಾರದು ಅಂತ ನಿಯಮ. ನಿಮ್ಮ ಜಾಡಿಗೆ ಬಿದ್ದದ್ದು ಹತ್ತು ಮಿಲಿಗ್ರಾಮೂ ಇಲ್ಲ. ಅಷ್ಟರಿಂದ ಮಿಡಿ ಕೊಳೆಯುವುದಿಲ್ಲ. ಹಳ್ಳಿಊಟ ಅವರು ಬೇಜಾರು ಮಾಡಿಕೊಳ್ಳಬಾರದು.

ಹಳ್ಳಿಊಟ:
ಬೇಜಾರಿಲ್ಲ ಸರ್. ಆದರೆ ಪುಡಿ ಉಪ್ಪು ಹಾಕಿದ ವರ್ಷ ಉಪ್ಪುನೀರು ಮಜ್ಜಿಗೆ ಹಾಗೆ ಬೆಳ್ಳಗೆ ಆಗಿತ್ತು. ಕಣ್ಣಾರೆ ನೋಡಿದ್ದೇನೆ. ಅದಕ್ಕೇನು ಹೇಳುತ್ತೀರಿ?

ರಸಾಯನ ಮೇಷ್ಟ್ರು:
ನೀವು ನೋಡಿದ್ದು ನಿಜ, ಕಳ್ಳ ಮಾತ್ರ ಬೇರೆ. ಪುಡಿ ಉಪ್ಪು ಗಂಟು ಕಟ್ಟದೆ ಉದುರುದುರಾಗಿ ಇರಲಿ ಅಂತ ಇನ್ನೊಂದು ಪುಡಿ ಸೇರಿಸುತ್ತಾರೆ. ಸಿಲಿಕಾ ಇರಬಹುದು, ಮೆಗ್ನೀಸಿಯಂ ಕಾರ್ಬೊನೇಟ್ ಇರಬಹುದು. ಇವು ನೀರಲ್ಲಿ ಕರಗುವುದಿಲ್ಲ. ಉಪ್ಪುನೀರು ಬೆಳ್ಳಗಾಗುವುದು, ತಳದಲ್ಲಿ ಗಸಿ ನಿಲ್ಲುವುದು ಇದರಿಂದ. ತಿಂದರೆ ತೊಂದರೆ ಇಲ್ಲ, ನೋಡಲು ಚೆನ್ನಾಗಿಲ್ಲ ಅಷ್ಟೆ. ಖಾರ ಬೆರೆಸಿದ ಮೇಲೆ ಅದೂ ಕಾಣುವುದಿಲ್ಲ.

ಇನ್ನೊಂದು. ಪುಡಿ ಉಪ್ಪು ಬೇಗ ಕರಗಿ ಸೀದಾ ತಳಕ್ಕೆ ಇಳಿಯುತ್ತದೆ. ಹರಳು ಮಿಡಿಗಳ ನಡುವೆ ಸಿಕ್ಕಿಕೊಂಡು ನಿಧಾನಕ್ಕೆ ಕರಗುತ್ತದೆ, ಮೇಲಿನ ಮಿಡಿಗೂ ಉಪ್ಪು ಸಿಗುತ್ತದೆ. ಜೊತೆಗೆ, ತೊಳೆದು ಬಿಳಿ ಮಾಡದ ಕಡಲ ಉಪ್ಪಲ್ಲಿ ಸ್ವಲ್ಪ ಕ್ಯಾಲ್ಸಿಯಂ ಇರುತ್ತದೆ. ಕಾಯಿ ಗಟ್ಟಿ ಉಳಿಯಲು ಅದು ಸಹಾಯ ಮಾಡುತ್ತದೆ. ಅಜ್ಜಿಯರು ಕಲ್ಲುಪ್ಪು ಅಂದದ್ದು ಸುಮ್ನೆ ಅಲ್ಲ.

ಉಪ್ಪಿನಾಗರ:
ನಮ್ಮ ಕಡೆಯ ಮಾತು ಬಂದಿತು ಅಂತ ಬರೆಯುತ್ತಿದ್ದೇನೆ. ಕುಮಟಾ ತಾಲ್ಲೂಕು, ಗೋಕರ್ಣದ ಹತ್ತಿರ. ಇಲ್ಲಿ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಹಿನ್ನೀರಿನ ಪಕ್ಕ ಇಂದಿಗೂ ಉಪ್ಪು ಬೆಳೆಯುತ್ತಾರೆ. ಹೌದು, ಉಪ್ಪಿನ ಆಗರಕ್ಕೆ ನಾವು "ಬೆಳೆಯುವುದು" ಅಂತಲೇ ಹೇಳುವುದು. ಮಣ್ಣಿನ ಪಾತಿಯಲ್ಲಿ ಉಪ್ಪು ನೀರು ಕಟ್ಟಿ ಬಿಸಿಲಿಗೆ ಬಿಡುತ್ತಾರೆ. ಮಳೆ ಶುರುವಾಗುವ ತನಕ ಕೆಲಸ. ನೋಡಲು ಅಂಗಡಿ ಉಪ್ಪಿನ ಹಾಗೆ ಬೆಳ್ಳಗಿಲ್ಲ, ಮಣ್ಣಿನ ಛಾಯೆ ಇರುತ್ತದೆ. ಪಕ್ಕದ ಅಂಕೋಲಾದಲ್ಲಿ 1930ರ ಏಪ್ರಿಲ್ 13ಕ್ಕೆ ಉಪ್ಪಿನ ಸತ್ಯಾಗ್ರಹ ನಡೆದದ್ದು ಈ ಕಡಲ ಅಂಚಲ್ಲೇ. ಉಪ್ಪಿನ ಬಗ್ಗೆ ನಮಗೆ ಸ್ವಲ್ಪ ಜಂಬ ಇದೆ, ಬಿಡಿ.

ಆದರೆ ಒಂದು ಮಾತು. ಆ ವರ್ಷದ ಹೊಸ ಉಪ್ಪು ಉಪ್ಪಿನಕಾಯಿಗೆ ಬೇಡ. ಹೊಸತರಲ್ಲಿ ಒಂದು ಕಹಿ ಇರುತ್ತದೆ. ನಮ್ಮನೆಯಲ್ಲಿ ಹೊಸ ಉಪ್ಪನ್ನು ಬುಟ್ಟಿಗೆ ಹಾಕಿ, ಕೆಳಗೆ ಪಾತ್ರೆ ಇಟ್ಟು ಒಂದು ಮಳೆಗಾಲ ಬಿಡುತ್ತಾರೆ. ಗಾಳಿಯ ತೇವ ಹೀರಿಕೊಂಡು ಅದು ತೊಟ್ಟಿಕ್ಕುತ್ತದೆ. ಆ ನೀರಿನ ಜೊತೆ ಕಹಿ ಇಳಿದು ಹೋಗುತ್ತದೆ. ಹಳೇ ಉಪ್ಪೇ ಮಿಡಿಗೆ.

ರಸಾಯನ ಮೇಷ್ಟ್ರು:
ಚೆಂದ ಹೇಳಿದಿರಿ. ಆ ಕಹಿ ಮೆಗ್ನೀಸಿಯಂನದು. ತೇವ ಎಳೆಯುವುದೂ ಅದೇ. ಶುದ್ಧ ಉಪ್ಪು ಅಷ್ಟು ಬೇಗ ಒದ್ದೆ ಆಗುವುದಿಲ್ಲ. ಮಲೆನಾಡಿನ ಹಳೇ ಮನೆಗಳಲ್ಲಿ ಉಪ್ಪಿಗೆ ಮರದ ಮರಿಗೆ (ದೋಣಿಯಂಥ ಪಾತ್ರೆ) ಇಡುತ್ತಿದ್ದದ್ದು ನೆನಪಾಯಿತು.

ಬ್ಯಾಚುಲರ್ ಅಡುಗೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಗುಲಾಬಿ ಬಣ್ಣದ ಹಿಮಾಲಯನ್ ಉಪ್ಪು ಒಂದು ಡಬ್ಬಿ ಇದೆ, ಯಾರೋ ಉಡುಗೊರೆ ಕೊಟ್ಟದ್ದು. ಅದೂ ಕಲ್ಲುಪ್ಪೇ ತಾನೇ? ಅಂಗಡಿಯವರು ರಾಕ್ ಸಾಲ್ಟ್ ಅಂದರು.

ಮಲೆನಾಡ ಜಾಡಿ:
ಇದೊಂದು ದೊಡ್ಡ ಗೊಂದಲ ಮಾರಾಯ. ನಾವು ಕಲ್ಲುಪ್ಪು, ಹರಳುಪ್ಪು ಅನ್ನುವುದು ಕಡಲ ನೀರು ಒಣಗಿ ಬಂದ ದಪ್ಪ ಹರಳಿಗೆ. ನಿನ್ನ ಗುಲಾಬಿಯದ್ದು ಗಣಿಯಿಂದ ಅಗೆದು ತೆಗೆದದ್ದು, ಅದಕ್ಕೆ ಸೈಂಧವ ಉಪ್ಪು ಅನ್ನುತ್ತೇವೆ. ಏಕಾದಶಿಗೆ ಅಡುಗೆಗೆ ಹಾಕುವುದು. ಉಪ್ಪಿನಕಾಯಿಗೆ ಹಾಕಿದರೆ ಕೆಡುವುದಿಲ್ಲ. ಆದರೆ ಅಷ್ಟು ದುಡ್ಡು ಕೊಟ್ಟು ಜಾಡಿಗೆ ಯಾಕೆ ಸುರಿಯುತ್ತೀಯ? ಕಪ್ಪುಪ್ಪು ಅಂತೂ ಬೇಡವೇ ಬೇಡ. ವರ್ಷವಿಡೀ ಆ ಗಂಧಕದ ವಾಸನೆ ತಿನ್ನಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಅಯೋಡಿನ್ ಬೇಡ ಅಂತ ಗೋಣಿಚೀಲದ ಅಗ್ಗದ ಉಪ್ಪು ತರುವವರಿದ್ದಾರೆ. ದನಕ್ಕೆ, ತೋಟಕ್ಕೆ, ಐಸ್ ಕಾರ್ಖಾನೆಗೆ ಅಂತ ಮಾರುವ ಉಪ್ಪು ಅದು. ತಿನ್ನಲು ಅಲ್ಲ ಅಂತ ಚೀಲದ ಮೇಲೇ ಬರೆದಿರುತ್ತದೆ.

ಹಳ್ಳಿಊಟ:
ಹಾಗಾದರೆ ಅಯೋಡಿನ್ ಇಲ್ಲದ ತಿನ್ನುವ ಉಪ್ಪು ಅಂಗಡಿಯಲ್ಲಿ ಯಾಕೆ ಕಾಣುವುದಿಲ್ಲ?

ರಸಾಯನ ಮೇಷ್ಟ್ರು:
2006ರ ಮೇ ತಿಂಗಳಿನಿಂದ, ಜನ ನೇರವಾಗಿ ತಿನ್ನುವ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವ ಹಾಗಿಲ್ಲ. ಗಳಗಂಡ ರೋಗ ತಡೆಯಲು ತಂದ ನಿಯಮ. ನನ್ನ ಮಾತು ಕೇಳಿದರೆ, ಅಯೋಡಿನ್ ಇರುವ ಕಲ್ಲುಪ್ಪೇ ತನ್ನಿ, ನೆಮ್ಮದಿಯಾಗಿ ಮಿಡಿ ಹಾಕಿ. ಅದರಲ್ಲಿ ಉದುರಿಸುವ ಪುಡಿ ಸಾಮಾನ್ಯವಾಗಿ ಇರುವುದಿಲ್ಲ. ಪ್ಯಾಕೆಟ್ ಹಿಂದೆ ಓದಿ ನೋಡಿದರೆ ಗೊತ್ತಾಗುತ್ತದೆ.

ದೂರದೂರು:
ನ್ಯೂಜೆರ್ಸಿಯಿಂದ. ಅಳತೆಯ ಮಾತು ಓದಿ ನನ್ನ ಕಥೆ ಹೇಳಲೇಬೇಕು ಅನಿಸಿತು. ಅಮ್ಮ ಫೋನಲ್ಲಿ ಹೇಳಿದ ನಿಂಬೆಹಣ್ಣಿನ ಉಪ್ಪಿನಕಾಯಿ. "ಇಪ್ಪತ್ತೈದು ಹಣ್ಣಿಗೆ ಒಂದು ಬಟ್ಟಲು ಉಪ್ಪು." ಇಲ್ಲಿ ಕೋಷರ್ ಉಪ್ಪು ಅಂತ ಸಿಗುತ್ತದೆ. ಅಯೋಡಿನ್ ಇಲ್ಲ, ಬೇರೆ ಪುಡಿಯೂ ಇಲ್ಲ, ಇದಕ್ಕಿಂತ ಒಳ್ಳೆಯದು ಬೇಕಾ ಅಂತ ಹಾಕಿದೆ. ಮೂರೇ ವಾರದಲ್ಲಿ ಬೂಷ್ಟು. ಆ ಉಪ್ಪು ಅವಲಕ್ಕಿಯ ಹಾಗೆ ಹಗುರ ಪದರ. ಅಮ್ಮನ ಬಟ್ಟಲಲ್ಲಿ ಪುಡಿ ಉಪ್ಪು ಬಿದ್ದಿದ್ದರೆ ನನ್ನ ಬಟ್ಟಲಲ್ಲಿ ಅದರ ಅರ್ಧ ತೂಕ. ಅದೇ ಹೆಸರಿನ ಇನ್ನೊಂದು ಕಂಪನಿಯ ಉಪ್ಪು ಅದಕ್ಕಿಂತ ಎಷ್ಟೋ ಭಾರ. ಹೆಸರು ನೋಡಿ ಏನೂ ತಿಳಿಯುವುದಿಲ್ಲ. ಆಮೇಲೆ ಒಂದು ತಕ್ಕಡಿ ಕೊಂಡೆ. ಈಗ ಅಮ್ಮನಿಗೂ ಒಂದು ಕಳಿಸಿದ್ದೇನೆ. ಅವರು ಅದರಲ್ಲಿ ಚಿನ್ನ ತೂಗುತ್ತಾರೆ, ಉಪ್ಪು ಕೈ ಅಳತೆಯೇ.

ಮಲೆನಾಡ ಜಾಡಿ:
ಹಹ್ಹ! ಅಮ್ಮನ ಕೈಗೆ ಅದೇ ಉಪ್ಪು, ಅದೇ ಬಟ್ಟಲು, ಅದೇ ಜಾಡಿ ಐವತ್ತು ವರ್ಷದಿಂದ. ಆ ಕೈಯೇ ತಕ್ಕಡಿ. ನೀವು ಊರು ಬದಲಿಸಿದ್ದೀರಿ, ಉಪ್ಪು ಬದಲಿಸಿದ್ದೀರಿ, ಬಟ್ಟಲೂ ಬದಲಿಸಿದ್ದೀರಿ. ಅದಕ್ಕೇ ತೂಗಿ ಅನ್ನುವುದು.

ಧಾರವಾಡದಾಕಿ:
ಎಲ್ಲರೂ ಮಿಡಿ, ನಿಂಬೆ ಅಂತ ಕೂತೀರಿ. ನಮ್ಮ ಕಡೆ ಚಳಿಗಾಲಕ್ಕ ಗಜ್ಜರಿ, ಹೂಕೋಸು, ಹಸಿ ಬಟಾಣಿ ಎಲ್ಲಾ ಸೇರಿಸಿ ಹಾಕುತ್ತೇವೆ. ಇದಕ್ಕೂ ಮಿಡಿ ಹಾಂಗ ನಾಲ್ಕಕ್ಕೊಂದು ಪಾಲು ಉಪ್ಪು ಹಾಕಿದರ ಬಾಯಿಗೆ ಇಡಲಿಕ್ಕೆ ಆಗುವುದಿಲ್ಲ ರೀ. ನಾನು ಹೆಚ್ಚಿದ ಹೋಳಿಗೆ ಸ್ವಲ್ಪ ಉಪ್ಪು ಸವರಿ ಒಂದು ರಾತ್ರಿ ಬಿಡುತ್ತೇನೆ. ಬಿಟ್ಟ ನೀರು ಬಸಿದು, ಹೋಳನ್ನು ಬಟ್ಟೆ ಮ್ಯಾಲೆ ನೆರಳಿಗೆ ಹರವುತ್ತೇನೆ. ಆಮೇಲೆ ನಿಂಬೆರಸ, ಖಾರ, ಸಾಸಿವೆ, ಒಗ್ಗರಣೆ ಎಣ್ಣೆ. ಫ್ರಿಜ್‌ನಾಗ ಇಟ್ಟು ಒಂದು ತಿಂಗಳದಾಗ ಮುಗಿಸುತ್ತೇವೆ.

ರಸಾಯನ ಮೇಷ್ಟ್ರು:
ಮುಖ್ಯವಾದ ಮಾತು ತೆಗೆದಿರಿ ಅಕ್ಕೋರೆ. ಮಾವು, ನಿಂಬೆ, ಅಂಬಟೆ, ಕರಂಡೆ ಇವಕ್ಕೆ ಹುಟ್ಟಿನಿಂದಲೇ ಹುಳಿ ಇದೆ. ಉಪ್ಪು ಮತ್ತು ಹುಳಿ ಜೋಡಿಯಾಗಿ ಕಾಯುತ್ತವೆ. ಗಜ್ಜರಿ, ಬೆಳ್ಳುಳ್ಳಿ, ಬೀನ್ಸ್‌ಗೆ ಆ ಹುಳಿ ಇಲ್ಲ. ಉಪ್ಪೂ ಕಡಿಮೆ, ಹುಳಿಯೂ ಇಲ್ಲ, ಮೇಲೆ ಎಣ್ಣೆ ಮುಚ್ಚಿ ಹೊರಗಿಟ್ಟರೆ ಅಪಾಯ. ಗಾಳಿ ಇಲ್ಲದ ಕಡೆ ಬೆಳೆಯುವ, ವಿಷ ಮಾಡುವ ಕ್ರಿಮಿಯೊಂದಿದೆ. ಅದು ಇದ್ದರೆ ವಾಸನೆ, ಬಣ್ಣ ಬದಲಾಗಲೇಬೇಕು ಅಂತಿಲ್ಲ. ನಿಂಬೆರಸ ಅಥವಾ ವಿನೆಗರ್ ಧಾರಾಳವಾಗಿ ಇರಲಿ, ಫ್ರಿಜ್‌ನಲ್ಲಿಡಿ. ನೀವು ಮಾಡುತ್ತಿರುವುದು ಸರಿಯಾಗಿದೆ.

ಇನ್ನು ಖಾರ ಹಾಕದೆ ಬರೀ ಉಪ್ಪುನೀರಲ್ಲಿ ಹುಳಿ ಬರಿಸುವ ಎಲೆಕೋಸು, ಸೌತೆಕಾಯಿಯದ್ದು ಬೇರೆ ದಾರಿ. ಅಲ್ಲಿ ಉಪ್ಪು ಕಮ್ಮಿಯೇ ಇರಬೇಕು. ತೆಳ್ಳಗೆ ಹೆಚ್ಚಿದ ಎಲೆಕೋಸಿಗೆ ಅದರ ತೂಕದ ನೂರಕ್ಕೆ ಎರಡರಿಂದ ಎರಡೂವರೆ. ಇಡೀ ಸೌತೆಕಾಯಿಯ ಉಪ್ಪುನೀರಿಗೆ ಐದರ ಸುತ್ತ. ಮಜ್ಜಿಗೆಯನ್ನು ಹುಳಿಯಾಗಿಸುವ ಬಳಗದ ಕ್ರಿಮಿಗಳೇ ಇಲ್ಲೂ ಹುಳಿ ಮಾಡುವುದು. ಮಿಡಿಯ ಹಾಗೆ ಉಪ್ಪು ಸುರಿದರೆ ಅವೇ ಬೆಳೆಯುವುದಿಲ್ಲ, ಹುಳಿ ಬರುವುದೇ ಇಲ್ಲ.

ಗೇರುಬೀಜ:
ನಮ್ಮ ದಕ್ಷಿಣ ಕನ್ನಡದ ಉಪ್ಪುಸೊಳೆಯನ್ನು ಯಾರೂ ಹೇಳಲಿಲ್ಲವಲ್ಲ. ಹಲಸಿನಕಾಯಿ ಸೊಳೆ ಬಿಡಿಸಿ ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿಸಿ, ಮೇಲೆ ಗುಂಡುಕಲ್ಲು ಹೇರುವುದು. ಮಳೆಗಾಲದ ಆಟಿ ತಿಂಗಳಲ್ಲಿ ತೆಗೆದು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ, ರೊಟ್ಟಿ ಮಾಡುವುದು. ಅಲ್ಲಿ ಉಪ್ಪು ರುಚಿಗೆ ಅಲ್ಲ, ಕೆಡದ ಹಾಗೆ ಕಾಯಲಿಕ್ಕೆ. ತಿನ್ನುವ ಹೊತ್ತಿಗೆ ತೆಗೆದರೆ ಆಯಿತು. ಬಿಪಿ ಇರುವವರ ಮನೆಯಲ್ಲಿ ಮಿಡಿಯನ್ನೂ ಹೀಗೇ ಒಮ್ಮೆ ನೀರಲ್ಲಿ ನೆನೆಸಿ ಬಡಿಸಬಹುದಲ್ಲ?

ಮಲೆನಾಡ ಜಾಡಿ:
ಬಡಿಸಬಹುದು. ಅಥವಾ ಅರ್ಧ ಮಿಡಿ ಬಡಿಸು. ಜಾಡಿಯಲ್ಲಿ ಉಪ್ಪು ಉಳಿಸಲು ಹೋಗಬೇಡ, ಎಲೆಯಲ್ಲಿ ಉಳಿಸು. ಬಿಪಿಯವರಿಗೆ ಅಂತ ಸಿಗುವ ಕಮ್ಮಿ ಸೋಡಿಯಂ ಉಪ್ಪನ್ನು ಜಾಡಿಗೆ ಹಾಕಬೇಡಿ. ನಮ್ಮ ನಾದಿನಿ ಹಾಕಿ ನೋಡಿದ್ದಾಳೆ, ಕಹಿ.

ರಸಾಯನ ಮೇಷ್ಟ್ರು:
ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಕಹಿ ಅದರದ್ದು. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಅಡುಗೆಗೂ ಬಳಸಬಾರದು.

ಬ್ಯಾಚುಲರ್ ಅಡುಗೆ:
ಉಪ್ಪುನೀರಲ್ಲಿ ಮೊಟ್ಟೆ ತೇಲಿದರೆ ಉಪ್ಪು ಸಾಕು ಅಂತಾರಲ್ಲ, ಅದು ಸರಿಯಾ?

ಮಲೆನಾಡ ಜಾಡಿ:
ನಮ್ಮ ಅಡುಗೆಮನೆಗೆ ಮೊಟ್ಟೆ ತಂದರೆ ಉಪ್ಪಿನಕಾಯಿಗಿಂತ ಮೊದಲು ಅತ್ತೆ ತೇಲುತ್ತಿದ್ದರು! ಆಲೂಗಡ್ಡೆ ಹಾಕಿ ನೋಡುತ್ತಿದ್ದೆವು.

ರಸಾಯನ ಮೇಷ್ಟ್ರು:
ಎರಡೂ ತೇಲುವುದು ಸುಮಾರು 10–12 ಭಾಗ ಉಪ್ಪಿದ್ದಾಗ. ವರ್ಷ ಇಡುವ ಮಿಡಿಗೆ ಅದು ಸಾಲದು. ಅದಕ್ಕಿಂತ ಸುಲಭದ ಗುರುತು ಇದೆ. ನೀರು ಪೂರ್ತಿ ಬಿಟ್ಟು, ಚೆನ್ನಾಗಿ ಕುಲುಕಿದ ಮೇಲೂ ತಳದಲ್ಲಿ ನಾಲ್ಕು ಹರಳು ಕರಗದೆ ಉಳಿದಿದ್ದರೆ ಆ ನೀರಿಗೆ ಇನ್ನು ಉಪ್ಪು ಬೇಕಿಲ್ಲ. ಕಾಯಿಸಿದರೆ ಇನ್ನೂ ಎಷ್ಟೋ ಕರಗುತ್ತದೆ ಅನ್ನುವುದು ಸಕ್ಕರೆಗೆ ಸರಿ, ಉಪ್ಪಿಗಲ್ಲ. ತಣ್ಣೀರು 100 ಮಿಲಿಗೆ 36 ಗ್ರಾಂ, ಕುದಿಯುವ ನೀರಿಗೆ 39. ಉಪ್ಪುನೀರು ಕಾಯಿಸುವುದು ಬೇರೆ ಕಾರಣಕ್ಕೆ.

ತೊಟ್ಟುಮಿಡಿ:
ಅಕ್ಕಾ, ಒಂದೇ ಕಡೆ ನಿಮ್ಮ ಕ್ರಮ ಬರೆದುಬಿಡಿ. ಮಿಡಿ ನಾಡಿದ್ದು ಬರುತ್ತದೆ.

ಮಲೆನಾಡ ಜಾಡಿ:
ಬರೆಯುತ್ತೇನೆ, ಬರೆದುಕೋ. ಮಿಡಿ ಒರೆಸಿ, ಅರ್ಧ ದಿನ ನೆರಳಲ್ಲಿ ಹರವಿ, ಆಮೇಲೆ ತೂಗು. ಒಂದು ಕಿಲೋಗೆ 250 ಗ್ರಾಂ ಕಲ್ಲುಪ್ಪು. ಉಪ್ಪನ್ನು ಮೊದಲೇ ಬಾಣಲೆಯಲ್ಲಿ ಚಟಪಟ ಸದ್ದು ನಿಲ್ಲುವ ತನಕ ಹುರಿದು ಆರಿಸಿರಬೇಕು. ತೂಗುವುದು ಹುರಿದ ಮೇಲೆ, ಮೊದಲಲ್ಲ. ಮಣ್ಣು, ಕಸ ಇದ್ದರೆ ಹುರಿಯುವ ಮೊದಲು ಹೆಕ್ಕಿ ತೆಗಿ. ತಳಕ್ಕೆ ಒಂದು ಹಿಡಿ ಉಪ್ಪು, ಒಂದು ಪದರ ಮಿಡಿ, ಮತ್ತೆ ಉಪ್ಪು. ಮೇಲೆ ಹೋದಂತೆ ಉಪ್ಪು ಜಾಸ್ತಿ ಆಗಲಿ, ಕೆಳಗೆ ಹೇಗೂ ಇಳಿಯುತ್ತದೆ. ಕೊನೆಯ ಪದರ ಉಪ್ಪೇ. ಬಾಯಿಗೆ ಒಣ ಬಟ್ಟೆ ಕಟ್ಟು.

ದಿನಕ್ಕೊಮ್ಮೆ ಜಾಡಿ ಕುಲುಕು. ಕೈ ಹಾಕಬೇಡ, ಸೌಟು ಹಾಕಬೇಡ. ಮೂರ್ನಾಲ್ಕು ದಿನದಲ್ಲಿ ನೀರು ಬಿಡುತ್ತದೆ. ಮಿಡಿ ನೀರಲ್ಲಿ ಮುಳುಗಿದ ಮೇಲೆ ಒಂದು ಪಿಂಗಾಣಿ ತಟ್ಟೆ ಮಗುಚಿ ಒತ್ತಿಡು. ಸ್ಟೀಲ್ ಬೇಡ, ಉಪ್ಪು ತಿಂದು ಚುಕ್ಕೆ ಬೀಳುತ್ತದೆ. ಅಲ್ಯೂಮಿನಿಯಂ ಹತ್ತಿರವೂ ತರಬೇಡ. ಮುದುಕಿಯ ಕೆನ್ನೆಯ ಹಾಗೆ ಮಿಡಿ ಪೂರಾ ಸುಕ್ಕಾದ ಮೇಲೆ ಆ ನೀರನ್ನೇ ಸೋಸಿ, ಕುದಿಸಿ, ತಣ್ಣಗೆ ಮಾಡಿ ಅದರಲ್ಲಿ ಖಾರ ರುಬ್ಬುವುದು. ಬೇರೆ ನೀರು ಒಂದು ಹನಿ ಸೇರಬಾರದು.

ಬಿಳಿ ಕೆನೆ ತೆಳ್ಳಗೆ ಕಂಡರೆ ತೆಗೆದು ಮೇಲಿಂದ ಉಪ್ಪು ಉದುರಿಸು. ಹಸಿರು, ಕಪ್ಪು, ಕೂದಲಿನಂಥದ್ದು ಬಂದರೆ ಮುಲಾಜಿಲ್ಲದೆ ಎಲ್ಲ ಚೆಲ್ಲು.

ತೊಟ್ಟುಮಿಡಿ:
ಹೇಳಿದ ಹಾಗೇ ಮಾಡಿದೆ. ಒಂದು ಕಿಲೋ 900 ಗ್ರಾಂ ಮಿಡಿ, 475 ಗ್ರಾಂ ಉಪ್ಪು. ಅಂದಹಾಗೆ ಹುರಿಯುವ ಮೊದಲು ಉಪ್ಪು 500 ಗ್ರಾಂ ಇತ್ತು, ಹುರಿದ ಮೇಲೆ 481. ಆವಿಯಾಗಿ ಹೋದದ್ದು 19 ಗ್ರಾಂ ನೀರು! ಇವತ್ತು ಐದನೇ ದಿನ. ನೀರು ಮಿಡಿಯ ಮೇಲೆ ಒಂದು ಬೆರಳು ನಿಂತಿದೆ. ಬಟ್ಟೆ ಬಿಚ್ಚಿದರೆ ಇಡೀ ಅಡುಗೆಮನೆಗೆ ಸೊನೆಯ ಘಮ. ತಳದಲ್ಲಿ ಹರಳು ಇನ್ನೂ ಕಾಣುತ್ತಿವೆ. ನಿನ್ನೆ ಅಮ್ಮನಿಗೆ ಫೋಟೋ ಕಳಿಸಿದೆ, ಹೋದ ವರ್ಷದ್ದನ್ನೂ ಹೇಳಿಬಿಟ್ಟೆ. "ನನ್ನ ಮೊದಲ ಜಾಡಿಯೂ ಹಾಳಾಗಿತ್ತು, ನಿನ್ನ ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ" ಅಂದರು.

ಮಲೆನಾಡ ಜಾಡಿ:
ಅಜ್ಜಿಗೆ ಗೊತ್ತಿರುತ್ತದೆ ತಂಗೀ. ಖಾರ ರುಬ್ಬಿದ ಮೇಲೆ ಉಪ್ಪುನೀರು ಮಿಕ್ಕಿದರೆ ಚೆಲ್ಲಬೇಡ. ಬಾಟಲಿಗೆ ತುಂಬಿಸಿಡು, ಮಜ್ಜಿಗೆಗೆ ಒಂದು ಚಮಚ ಸಾಕು. ಬಿಪಿಯವರಿಗೆ ಅರ್ಧ ಚಮಚ.